ತೆನ್ನೆಯ ಬಟ್ಟಲು

ಬೆಳಗ್ಗೆ ಎದ್ದ ಕೂಡಲೇ ಮಸೆರೆ ಮಾಡುತ್ತಿದ್ದ ಮೊದಲ ಕೆಲಸವೆಂದರೆ ಬಾಗಿಲು ತೆರೆದು, ಹೊಸ್ತಿಲಾಚೆ ಬೋರಲು ಹಾಕಿದ್ದ ಮೊರವನ್ನು ಎತ್ತಿ ನೋಡುವುದು. ಮೊರದ ಮೇಲೆ ಮುರಿದ ಒನಕೆಯ ತುಂಡೊಂದನ್ನು ಭಾರಕ್ಕೆ ಇಟ್ಟಿರುತ್ತಿದ್ದಳು; ಆ ಕೆಸರು ನಾಡಿನಲ್ಲಿ ಹುಡುಕಿದರೂ ಒಂದು ಕಲ್ಲು ಸಿಗುವುದಿಲ್ಲ. ಮೊರದಡಿಯಲ್ಲಿ ಮಗಳು ತೆನ್ನೆಯ ಮಣ್ಣಿನ ಬಟ್ಟಲು. ಬಟ್ಟಲಲ್ಲಿ ಹಿಂದಿನ ಸಂಜೆ ಹಾಕಿ, ಸೌಟಿನ ಬೆನ್ನಿನಿಂದ ನುಣ್ಣಗೆ ಸವರಿಟ್ಟ ನುಚ್ಚಕ್ಕಿ ಅನ್ನ. ಅದು ಸವರಿಟ್ಟ ಹಾಗೇ ಇರುತ್ತಿತ್ತು. ಮಸೆರೆ ಹಿಡಿದಿದ್ದ ಉಸಿರು ಬಿಡುತ್ತಿದ್ದಳು. "ಬದುಕಿದಾಳೆ," ಎಂದು ತನಗೆ ತಾನೇ ಹೇಳಿಕೊಂಡು, ಹೊಸ್ತಿಲ ಮೇಲೆ ಕುಕ್ಕರಗಾಲಲ್ಲಿ ಕೂತು, ತಣ್ಣಗಾಗಿ ಗಟ್ಟಿಯಾದ ಆ ಅನ್ನವನ್ನು ತಾನೇ ಉಣ್ಣುತ್ತಿದ್ದಳು. ಹತ್ತು ತಿಂಗಳಿಂದ ಅವಳ ಬೆಳಗಿನ ಊಟ ಅದೇ. ಅಷ್ಟು ರುಚಿಯಾದ ಊಟ ದೊರೆಯ ಬಂಗಲೆಯ ಮೇಜಿನ ಮೇಲೂ ಇರಲಿಲ್ಲವೆಂದು ಆಣೆ ಮಾಡಿ ಹೇಳಬಹುದು.

ವಿಷಯ ಸರಳ. ದೋಣಿಯಲ್ಲಿ ಐದು ದಿನದ ದಾರಿಯಾಚೆ ಇರುವ ಮಗಳು ಬದುಕಿದ್ದರೆ ಬಂದು ಉಣ್ಣಲಾರಳು. ಸತ್ತರೆ ಬರುತ್ತಾಳೆ. ಸತ್ತವರಿಗೆ ನೀರೇ ದಾರಿ. ದೊರೆ ಬರೆದುಕೊಟ್ಟ ಚೀಟಿಯಿಲ್ಲದೆ ಗಡಿ ದಾಟುವ ಭಾಗ್ಯ ಗುಲಾಮರ ಕೇರಿಯ ಜನಕ್ಕೆ ಸತ್ತ ಮೇಲೆಯೇ ಒದಗುವುದು. ಆದ್ದರಿಂದ ಮುಟ್ಟದ ಅನ್ನವೇ ಮಸೆರೆಗೆ ಮಗಳಿಂದ ದಿನಾ ಬರುತ್ತಿದ್ದ ಕ್ಷೇಮ ಸಮಾಚಾರ.

ಸತ್ತವರು ನೀರಿನ ಮೇಲೆ ಬರುತ್ತಾರೆಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹನ್ನೊಂದು ವರ್ಷದವಳಿದ್ದಾಗ ತಾಯಿಯ ಜೊತೆ ಹಡಗಿನ ಹೊಟ್ಟೆಯೊಳಗೆ ಬಿದ್ದವಳು ಅವಳು. ತಾಯಿ ದಾರಿಯಲ್ಲೇ ರಕ್ತಭೇದಿಯಾಗಿ ತೀರಿಕೊಂಡಳು. ಬೆಳಗಾಗುತ್ತಲೇ ಇಬ್ಬರು ಬಿಳಿಯರು ಇಳಿದು ಬಂದು, ಒಬ್ಬ ಕೈ ಒಬ್ಬ ಕಾಲು ಹಿಡಿದು ಎತ್ತಿಕೊಂಡು ಹೋದರು. ನೀರಿಗೆ ಬಿದ್ದ ಸದ್ದು ಮಾತ್ರ ಹುಡುಗಿಗೆ ಕೇಳಿಸಿತು. ಸತ್ತವರು ಕೊನೆಯ ಸಲ ಉಂಡ ಪಾತ್ರೆಯ ತಳ ಒಡೆದು ಗೋರಿಯ ಮೇಲೆ ಇಡಬೇಕು. ಇಡದಿದ್ದರೆ ಅವರ ದಾರಿ ಮುಚ್ಚುವುದಿಲ್ಲ. ಹಸಿದುಕೊಂಡು ಹೆತ್ತವರ, ಇಲ್ಲವೇ ಹೆತ್ತ ಮಕ್ಕಳ ಬಾಗಿಲಿಗೇ ಬಂದು ನಿಲ್ಲುತ್ತಾರೆ. ಆದರೆ ಹತ್ತು ಜನಕ್ಕೊಂದು ಮರದ ತೊಟ್ಟಿಯಲ್ಲಿ ಗಂಜಿ ಸುರಿಯುತ್ತಿದ್ದ ಆ ಹಡಗಿನಲ್ಲಿ ತಾಯಿಯದೆಂದು ಹೇಳಿ ಒಡೆಯಲು ಒಂದು ಚಿಪ್ಪಾದರೂ ಎಲ್ಲಿತ್ತು?

ತಾಯಿ ಬಂದಳು. ಕೆರೊಲೈನಾದ ಈ ಗದ್ದೆಗಳಿಗೆ ಹುಡುಗಿ ಬಂದು ಸೇರಿದ ವರ್ಷ, ತೂಬು ಎತ್ತಿ ಮೊದಲ ನೀರು ಬಿಟ್ಟ ದಿನವೇ ಬಂದಳು. ತೂಬಿನ ಹಲಗೆಯ ಮೇಲೆ, ಒರಳಿನ ಪಕ್ಕ, ಮಲಗುವ ಚಾಪೆಯ ಬದಿಯಲ್ಲಿ ಒದ್ದೆ ಹೆಜ್ಜೆಗಳು. ಹುಡುಗಿ ಒಣಗಿ ಕಡ್ಡಿಯಾದಳು. ಕೊನೆಗೆ ಕೇರಿಯ ಕುಂಬಾ ಎಂಬ ಹೆಂಗಸು ಹೊಳೆಯ ಜೇಡಿಯಲ್ಲಿ ಒಂದು ಬಟ್ಟಲು ಮಾಡಿ ಸುಟ್ಟು, ಅದರಲ್ಲಿ ಅನ್ನ ಹಾಕಿ, ಆ ತಾಯಿಯ ಹೆಸರು ಹಿಡಿದು ಉಣ್ಣಲು ಕರೆದು, ಬಟ್ಟಲ ತಳ ಒಡೆದಳು. ಅಂದಿಗೆ ಹೆಜ್ಜೆ ನಿಂತವು. ಆ ಕುಂಬಾ ಈಗ ಕುಂಬಾ ಅಜ್ಜಿ. ಕೇರಿಯಲ್ಲಿ ಹುಟ್ಟಿದವರನ್ನು ಹಿಡಿಯುವುದೂ ಅವಳ ಕೈಯೇ, ಸತ್ತವರನ್ನು ತೊಳೆಯುವುದೂ ಅವಳ ಕೈಯೇ. ಆ ಬಲಗೈಯಲ್ಲಿ ಇರುವುದು ಮೂರೇ ಬೆರಳು. ಕಿರುಬೆರಳನ್ನೂ ಉಂಗುರದ ಬೆರಳನ್ನೂ ಹಿಂದೊಂದು ಸುಗ್ಗಿಯಲ್ಲಿ ಕುಡುಗೋಲು ತೆಗೆದುಕೊಂಡಿತ್ತು.

ತೆನ್ನೆಯನ್ನು ಮಾರಲಿಲ್ಲ. ಉಡುಗೊರೆ ಕೊಟ್ಟರು. ದೊರೆಯ ಹಿರಿಮಗಳ ಮದುವೆಯಾಯಿತು. ಮದುಮಗಳು ದಕ್ಷಿಣದ ದ್ವೀಪದಲ್ಲಿದ್ದ ಅತ್ತೆಮನೆಗೆ ಹೋಗುವಾಗ ಒಂದು ಗಡಿಯಾರ, ಒಂದು ಕಂದು ಕುದುರೆ, ಬೆಳ್ಳಿ ಚಮಚಗಳ ಪೆಟ್ಟಿಗೆ, ಮತ್ತೆ ತೆನ್ನೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಹದಿನಾರು ತುಂಬಿದ್ದ ತೆನ್ನೆ ಹೊಸ್ತಿಲ ಮೇಲೆ ಕೂತು ಉಣ್ಣುತ್ತಿದ್ದಾಗಲೇ ಮೇಸ್ತ್ರಿ ಬಂದು, ದೋಣಿ ಕಾಯ್ತಾ ಇದೆ ಎಂದ. ಯಾವ ದೋಣಿ, ಎಲ್ಲಿಗೆ ಎಂದು ಕೇಳುವಷ್ಟರಲ್ಲಿ ಎದ್ದು ಹೊರಡಬೇಕಾಯಿತು. ಗದ್ದೆಯಿಂದ ಮಸೆರೆ ಓಡಿ ಬಂದಾಗ ಹೊಳೆಯ ತಿರುವಿನಲ್ಲಿ ದೋಣಿಯ ಹಿಂಭಾಗ ಮಾತ್ರ ಕಂಡಿತು. ಮನೆಗೆ ಬಂದರೆ ಬಟ್ಟಲಲ್ಲಿ ಅರ್ಧ ಅನ್ನ ಹಾಗೇ ಇತ್ತು.

ಆ ಬಟ್ಟಲು ಮಸೆರೆಯೇ ಮಾಡಿದ್ದು. ಹಸಿ ಇರುವಾಗ ಐದು ವರ್ಷದ ತೆನ್ನೆ ಅಂಚಿಗೆ ಹೆಬ್ಬೆರಳು ಒತ್ತಿದ್ದಳು. ಆ ಗುಳಿ ಹಾಗೇ ಸುಟ್ಟು ಗಟ್ಟಿಯಾಗಿತ್ತು. ದೊಡ್ಡವಳಾದ ಮೇಲೂ ಹುಡುಗಿ ಅದರಲ್ಲೇ ಉಣ್ಣುವಳು. ಉಣ್ಣುವುದೇನು, ಐದೂ ಬೆರಳು ಅಂಗೈಸಮೇತ ಇಳಿಸಿ ಗೋರುವಳು. "ಊಟಾನೋ ಗದ್ದೆ ಕೆಲಸಾನೋ?" ಎಂದು ತಾಯಿ ಬೈದರೆ ಇನ್ನಷ್ಟು ಉಪ್ಪು ಸುರಿದುಕೊಂಡು ನಗುವಳು. ವಾರಕ್ಕೊಮ್ಮೆ ಅಳೆದು ಕೊಡುತ್ತಿದ್ದ ಉಪ್ಪಿನಲ್ಲಿ ಅರ್ಧ ಅವಳೊಬ್ಬಳಿಗೇ ಬೇಕು.

ತೆನ್ನೆ ಹೋದ ಸಂಜೆ ಕುಂಬಾ ಅಜ್ಜಿ ಬಂದು ಪಕ್ಕದಲ್ಲಿ ಕೂತಿದ್ದಳು.

"ಒಡೆದುಬಿಡು ಮಗಾ."

"ಏನನ್ನ?"

"ಬಟ್ಟಲನ್ನ. ದಕ್ಷಿಣದ ದ್ವೀಪಕ್ಕೆ ಹೋದವರು ಯಾರಾದ್ರೂ ತಿರುಗಿ ಬಂದಿದ್ದು ನೋಡಿದೀಯಾ? ನನ್ನ ಮಗ ಸೋರಿನ ಹಿಡ್ಕೊಂಡು ಹೋದ ದಿನವೇ ನಾನು ಒಡೆದೆ. ಮೂರು ದಿನ ಅತ್ತೆ. ನಾಲ್ಕನೇ ದಿನ ಗದ್ದೆಗಿಳಿದೆ. ಮನಸ್ಸು ಒಂದು ಕಡೆ ನಿಲ್ಲುತ್ತೆ ಕಣೇ, ಇಲ್ದಿದ್ರೆ ಜೀವ ತಿನ್ನುತ್ತೆ."

"ಅವಳು ಸತ್ತಿಲ್ಲ ಅಜ್ಜಿ."

"ಸತ್ತಿಲ್ಲ. ಆದ್ರೆ..."

"ಸತ್ತಿಲ್ಲ ಅಂದ್ಮೇಲೆ ಒಡೆಯೋಕೆ ನಾನ್ಯಾರು? ದಾರಿ ಮುಚ್ಚಿದ ಹಾಗಲ್ವಾ?"

ಅಜ್ಜಿ ತನ್ನ ಮೂರು ಬೆರಳಿನ ಕೈಯನ್ನು ಮಸೆರೆಯ ಬೆನ್ನ ಮೇಲೆ ಸ್ವಲ್ಪ ಹೊತ್ತು ಇಟ್ಟು, ಎದ್ದು ಹೋದಳು.

ಕೇರಿಗೆ ಇದು ಸರಿಬರಲಿಲ್ಲ. ಮಾಲೀಕರಿಲ್ಲದ ಬಟ್ಟಲು ಬಾಗಿಲಲ್ಲಿ ಅನ್ನ ತುಂಬಿಕೊಂಡು ಕೂತಿದ್ದರೆ ದಾರಿಯಲ್ಲಿ ಹೋಗುವ ಪಿಶಾಚಿಗಳೆಲ್ಲ ತಿರುಗಿ ನೋಡುವುದಿಲ್ಲವೇ? ಬತ್ತ ಕುಟ್ಟುವ ಕಣದಲ್ಲಿ ಪಕ್ಕದ ಗುಡಿಸಲಿನ ಫಿಬಾ ಬಾಯಿ ಸುಮ್ಮನಿಡುತ್ತಿರಲಿಲ್ಲ.

"ಏನ್ ಮಸೆರೆ, ನಿನ್ನೆ ಮಗಳು ಊಟಕ್ಕೆ ಬಂದಿದ್ಲಾ?"

"ಬಂದಿಲ್ಲ. ಬರೋದೂ ಬೇಡ."

"ನೋಡ್ರೇ ಇವಳನ್ನ! ದಿನಾ ಊಟಕ್ಕಿಟ್ಟು ಕರೀತಾಳೆ, ಬರಬೇಡ ಅಂತ ಬೇಡ್ಕೋತಾಳೆ. ಇಂಥಾ ನೆಂಟಸ್ತಿಕೆ ನಾನು ಎಲ್ಲೂ ಕಂಡಿಲ್ಲ ಕಣ್ರವ್ವಾ."

ಒನಕೆ ಹಿಡಿದವರೆಲ್ಲ ನಕ್ಕರು. ಮಸೆರೆಯೂ ನಕ್ಕಳು. ಫಿಬಾ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅವಳು ಮಾಡುತ್ತಿದ್ದುದು ಅದೇ.

ಹೀಗೆ ಬೇಸಿಗೆ ಕಳೆಯಿತು, ಸುಗ್ಗಿ ಮುಗಿಯಿತು, ಕುಟ್ಟುವ ಚಳಿಗಾಲ ಬಂತು. ಗದ್ದೆಯ ಕೆಲಸಕ್ಕಿಂತ ಕುಟ್ಟುವ ಕೆಲಸ ಹೆಚ್ಚು ಜೀವ ತೆಗೆಯುವುದು. ನಸುಕಿಗೇ ಒಂದು ಪಾಲು ಕುಟ್ಟಬೇಕು, ಸಂಜೆ ಇನ್ನೊಂದು ಪಾಲು. ಇಡೀ ಅಕ್ಕಿ ದೊರೆಯ ಪೀಪಾಯಿಗೆ, ಪೀಪಾಯಿ ಚಾರ್ಲ್ಸ್ ಟೌನಿಗೆ, ಅಲ್ಲಿಂದ ಸಮುದ್ರದಾಚೆಗೆ. ನುಚ್ಚು ಕುಟ್ಟಿದವರಿಗೆ. ಈ ಅಕ್ಕಿ ಬೆಳೆಯುವ ಬುದ್ಧಿ ಗೊತ್ತಿದ್ದದ್ದು ನುಚ್ಚು ತಿನ್ನುವವರಿಗೇ ಹೊರತು ದೊರೆಗಲ್ಲ. ಆ ಬುದ್ಧಿಯನ್ನೂ ಅವನು ಆ ಹಡಗುಗಳಲ್ಲೇ ತರಿಸಿಕೊಂಡಿದ್ದ.

ಹುಣ್ಣಿಮೆ ಕಳೆದ ಮಾರನೆಯ ಬೆಳಗ್ಗೆ ಮಸೆರೆ ಬಾಗಿಲು ತೆರೆದಾಗ ಒನಕೆಯ ತುಂಡು ನೆಲದ ಮೇಲಿತ್ತು. ಮೊರ ಗೋಡೆಗೆ ಒರಗಿತ್ತು. ಬಟ್ಟಲಲ್ಲಿ ನುಣ್ಣಗಿನ ಅನ್ನದ ನಡುವೆ ದೊಡ್ಡ ಗುಳಿ.

ಮೊರ ಮುಟ್ಟಿದರೆ ನೀರಲ್ಲಿ ಅದ್ದಿ ತೆಗೆದಷ್ಟು ಒದ್ದೆ. ಇಬ್ಬನಿ, ಎಂದುಕೊಂಡಳು. ಕಾಡುಬೆಕ್ಕಿನ ಕೆಲಸ, ಎಂದುಕೊಂಡಳು. ಕಾಡುಬೆಕ್ಕು ಮೊರವನ್ನು ಗೋಡೆಗೆ ಒರಗಿಸಿ ಇಡುತ್ತದೆಯೇ ಎಂದು ಕೇಳಿಕೊಳ್ಳಲು ಧೈರ್ಯವಾಗಲಿಲ್ಲ. ಕಣ್ಣು ಬೇರೆ ಕಡೆ ತಿರುಗಿಸಿಕೊಂಡೇ ಬಟ್ಟಲನ್ನು ಎತ್ತಿ, ಅನ್ನವನ್ನು ಕೋಳಿಗಳ ಮುಂದೆ ಕೊಡವಿ, ಬಟ್ಟಲು ತೊಳೆದಿಟ್ಟಳು. ಯಾರಿಗೂ ಹೇಳಲಿಲ್ಲ. ಅಂದು ಬೆಳಗ್ಗೆ ಹಸಿದೇ ಕುಟ್ಟಿದಳು.

ಮಾರನೆಯ ದಿನ ಅನ್ನ ಮುಟ್ಟಿರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ನಾಲ್ಕೈದು ದಿನ ಹೀಗೇ ನಡೆದ ಮೇಲೆ ಕಾಡುಬೆಕ್ಕಿನ ಮೇಲೆ ಅವಳಿಗೆ ನಂಬಿಕೆ ಕುದುರಿತು. ಫಿಬಾಳ ಜೊತೆ ಜಗಳ ಕಾಯುವಷ್ಟು ಚೇತರಿಸಿಕೊಂಡಳು.

ಅದರ ಮುಂದಿನ ವಾರ ದೋಣಿ ಪಟ್ಟಣದಿಂದ ತಿರುಗಿ ಬಂತು. ದೋಣಿ ನಡೆಸುವ ಕ್ವಾಮಿನೋ ಅಂದರೆ ಕೇರಿಗೆ ಹಬ್ಬ. ಹೊಳೆಯುದ್ದಕ್ಕೂ ಯಾರ ಮಗ ಎಲ್ಲಿ ಮೇಸ್ತ್ರಿಯಾದ, ಯಾರ ಹೆಂಡತಿ ಎಲ್ಲಿ ಹಡೆದಳು, ಎಲ್ಲ ಅವನ ಬಾಯಲ್ಲಿ. ದಡಕ್ಕೆ ಬರುವ ಮೊದಲೇ ದೂರದಿಂದ ಕೂಗುತ್ತಿದ್ದ: "ಮಸೆರೆ ಅಕ್ಕಾ, ಸೊಸೆ ಹುಡುಕ್ಕೊಂಡು ಬಂದಿದೀನಿ, ಮಗನ್ನ ಹೆತ್ಕೊಡು!" ಈ ಸಲ ಕೂಗಲಿಲ್ಲ. ಹಗ್ಗದ ಗಂಟು ಬಿಚ್ಚುವುದರಲ್ಲೇ ಮುಳುಗಿದ್ದ.

"ಏನೋ ಕ್ವಾಮಿನೋ, ನಾಲಿಗೆನ ಪಟ್ಟಣದಲ್ಲೇ ಮಾರ್ಬಿಟ್ಯಾ?"

"ಚಳಿ ಕಣಕ್ಕಾ."

"ದ್ವೀಪದ ಕಡೆಯೋರು ಯಾರಾದ್ರೂ ಸಿಕ್ಕಿದ್ರಾ?"

"ಇಲ್ಲಕ್ಕಾ. ಆ ಕಡೆಯ ದೋಣಿ ಬಂದೇ ಇರ್ಲಿಲ್ಲ." ಹೇಳಿದವನೇ ಖಾಲಿ ಪೀಪಾಯಿ ಉರುಳಿಸಿಕೊಂಡು ಹೊರಟುಹೋದ. ಉರುಳಿಸಿಕೊಂಡು ಹೋದದ್ದು ಕೊಟ್ಟಿಗೆಯ ಕಡೆಗಲ್ಲ, ಕುಂಬಾ ಅಜ್ಜಿಯ ಗುಡಿಸಲಿನ ಕಡೆಗೆ. ಅಜ್ಜಿಗೆ ಹೊಗೆಸೊಪ್ಪು ತಂದಿರಬೇಕು ಎಂದುಕೊಂಡು ಮಸೆರೆ ಸುಮ್ಮನಾದಳು.

ಮರುದಿನ ಬೆಳಗ್ಗೆ ಒನಕೆಯ ತುಂಡು ಮೊರದ ಮೇಲೇ ಇತ್ತು. ಮೊರ ಬೋರಲಾಗಿಯೇ ಇತ್ತು. ಎತ್ತಿದರೆ ಬಟ್ಟಲ ಒಂದು ಬದಿಯಲ್ಲಿ ಎರಡು ತುತ್ತಿನಷ್ಟು ಅನ್ನ ಇರಲಿಲ್ಲ.

ಮೊರ ಎತ್ತಿ, ಉಂಡು, ಮತ್ತೆ ಮುಚ್ಚಿ, ಮೇಲೆ ಭಾರ ಇಡುವ ಬೆಕ್ಕು ಭೂಮಿಯ ಮೇಲೆ ಇಲ್ಲ. ಮಸೆರೆ ಹೊಸ್ತಿಲ ಮೇಲೆ ಕುಸಿದಳು. ಅಳು ಬರಲಿಲ್ಲ. ಮೇಸ್ತ್ರಿಯ ಕೊಂಬು ಮೊಳಗಿತು. ಎದ್ದು ಹೋಗಿ ಕುಟ್ಟಿದಳು.

ಅಂದಿನಿಂದ ಅವಳಿಗೆ ಎಲ್ಲ ಕಡೆ ತೆನ್ನೆಯೇ. ಕಣದಲ್ಲಿ ಹತ್ತು ಒನಕೆಗಳ ಸದ್ದಿನಲ್ಲಿ ಹನ್ನೊಂದನೆಯದೊಂದು ಕೇಳುತ್ತಿತ್ತು. ಎರಡು ಏಟು ಹಾಕಿ ಒಂದು ಏಟು ಬಿಡುವ ಸೋಮಾರಿ ಒನಕೆ, ಮಗಳದೇ. ತಿರುಗಿ ನೋಡಿದರೆ ಒರಳು ಖಾಲಿ. ಹೊಟ್ಟು ಕೇರುವಾಗ ಗಾಳಿಗೆ ಹಾರಿದ ಹೊಟ್ಟು ಒಂದು ಕಡೆ ಯಾರಿಗೋ ತಾಗಿ ಇಬ್ಭಾಗವಾದ ಹಾಗೆ ಕಾಣುತ್ತಿತ್ತು. ತೂಬಿನ ಬಳಿ ನೀರು ತುಂಬಲು ಹೋದರೆ ನೀರಿನಲ್ಲಿ ತನ್ನ ಮುಖದ ಹಿಂದೆ ಇನ್ನೊಂದು ಮುಖ ಇರಬಹುದೆಂದು ಹೆದರಿ ಕಣ್ಣು ಮುಚ್ಚಿಕೊಂಡೇ ಕೊಡ ಮುಳುಗಿಸುತ್ತಿದ್ದಳು. ಮುಖ ಇರದೇ ಹೋದರೆ ಎಂಬ ಹೆದರಿಕೆಯೂ ಅಷ್ಟೇ ಇತ್ತು. "ಏನೇ, ಮುಖ ಬೂದಿ ಆಗಿದೆ," ಎಂದು ಫಿಬಾ ಈ ಸಲ ತಮಾಷೆ ಮಾಡದೆ ಕೇಳಿದಳು. ಮಸೆರೆ ಹೇಳಲಿಲ್ಲ. ಬಾಯಿಂದ ಹೊರಬಿದ್ದರೆ ಅದು ನಿಜವಾಗಿಬಿಡುತ್ತದೆ.

ಎರಡು ದಿನ ಬಿಟ್ಟು, ಶನಿವಾರ, ಮತ್ತೆ ಎರಡು ತುತ್ತು ಕಡಿಮೆಯಾಗಿತ್ತು. ಆ ಸಂಜೆ ಕುಂಬಾ ಅಜ್ಜಿ ಕೆಲಸ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ನಿಂತು, ಎಂದೂ ಇಲ್ಲದ ಮೆಲುದನಿಯಲ್ಲಿ ಕೇಳಿದಳು.

"ಏನು ಮಗಾ, ಬಾಗಿಲಿಗೆ ಯಾರಾದ್ರೂ ಬಂದಿದ್ರಾ?"

ಆಗ ಮಸೆರೆಗೆ ತಡೆಯಲಾಗಲಿಲ್ಲ. "ಬಂದಿದಾಳೆ ಅಜ್ಜಿ. ಉಂಡು ಹೋಗಿದಾಳೆ."

"ಹಾಗಾದ್ರೆ ನಿನ್ನ ನೋಡೋಕೇ ಬಂದಿದಾಳೆ. ಒಳ್ಳೇ ಮಗಳು." ಅಜ್ಜಿ ಮುಖ ಪಕ್ಕಕ್ಕೆ ತಿರುಗಿಸಿದಳು. "ಇನ್ನು ಕಾಯಿಸಬೇಡ ಕಣೇ. ನಾಳೆ ಭಾನುವಾರ, ಒಡೆದುಬಿಡೋಣ. ಉಂಡವಳು ನೆಮ್ಮದಿಯಾಗಿ ಹೋಗ್ಲಿ. ನಿಮ್ಮಮ್ಮ ಹೋಗ್ಲಿಲ್ವಾ?"

ಒಡೆಯದಿದ್ದರೆ ಸತ್ತ ಮಗಳು ಹಸಿದು ಬಾಗಿಲಲ್ಲೇ ಅಲೆಯುತ್ತಾಳೆ. ಎಲ್ಲಿಯಾದರೂ ಬದುಕಿದ್ದು, ತಾನು ಒಡೆದರೆ, ಅವಳು ಬರುವ ದಾರಿಯನ್ನು ತಾಯಿಯೇ ಮುಚ್ಚಿದಂತೆ. ಅತ್ತ ದರಿ, ಇತ್ತ ಪುಲಿ. ಮಸೆರೆ ಆ ಸಂಜೆಯೂ ಅನ್ನ ಇಟ್ಟಳು. ಆದರೆ ಬೆಳಗಿನದನ್ನು ಚೆಲ್ಲದೆ, ಬಟ್ಟಲನ್ನು ಹಾಗೇ ಒಳಗೆ ಎತ್ತಿಟ್ಟು, ಬೇರೆ ಚಿಪ್ಪಿನಲ್ಲಿ ಇಟ್ಟಳು. ಮಗಳು ಉಂಡುಳಿದ ಅನ್ನವನ್ನು ಚೆಲ್ಲಲು ಕೈ ಬರಲಿಲ್ಲ.

ಭಾನುವಾರ ಗದ್ದೆ ಕೆಲಸವಿಲ್ಲ. ಹೊತ್ತು ಏರಿದ ಮೇಲೆ ಮಸೆರೆ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಬಿಸಿಲಿಗೆ ಬಂದು ಕೂತಳು. ಒಡೆಯುವ ಮೊದಲು ಒಮ್ಮೆ ಕಣ್ತುಂಬ ನೋಡಬೇಕು. ಅಂಚಿನ ಹೆಬ್ಬೆರಳ ಗುಳಿಯಲ್ಲಿ ತನ್ನ ಬೆರಳಿಟ್ಟಳು. ಆಮೇಲೆ ಅನ್ನದ ಮೇಲಿನ ಗುರುತನ್ನು ಮೊದಲ ಸಲ ಹೆದರದೆ ನೋಡಿದಳು. ಅನ್ನ ಒಣಗಿ ಗಟ್ಟಿಯಾಗಿತ್ತು, ಬೆರಳ ಗೆರೆ ಅಚ್ಚೊತ್ತಿದ ಹಾಗೆ ಉಳಿದಿತ್ತು. ಹೆಬ್ಬೆರಳು. ತೋರುಬೆರಳು. ನಡುಬೆರಳು. ಅದರಾಚೆ ಏನೂ ಇಲ್ಲ. ಸವರಿಟ್ಟ ಅನ್ನ ಹಾಗೇ ನುಣ್ಣಗೆ.

ಮೂರು ಬೆರಳು. ಹಕ್ಕಿ ಕುಕ್ಕಿದ ಹಾಗೆ ಅಚ್ಚುಕಟ್ಟಾಗಿ ಎತ್ತಿದ ತುತ್ತು.

ತೆನ್ನೆ ಹುಟ್ಟಿದಾರಭ್ಯ ಹಾಗೆ ಉಂಡವಳಲ್ಲ. ಮೂರು ಬೆರಳಲ್ಲಿ ಉಣ್ಣುವವರು ಕೇರಿಯಲ್ಲಿ ಒಬ್ಬರೇ.

ಮಸೆರೆಗೆ ಏನಾಯಿತೆಂದರೆ, ನಗು ಬಂತು. ಹೊಟ್ಟೆಯಿಂದ ಉಕ್ಕಿ ಬಂತು. ಬಟ್ಟಲನ್ನು ಎದೆಗವಚಿಕೊಂಡು, ತಲೆಬಟ್ಟೆ ಜಾರಿದ್ದೂ ನೋಡದೆ, ಕೇರಿಯ ಈ ತುದಿಯಿಂದ ಆ ತುದಿಗೆ ಓಡಿದಳು. ಕದ್ದವರನ್ನು ಹಿಡಿಯಲು ಅಷ್ಟು ಸಂತೋಷದಿಂದ ಓಡಿದವರು ಲೋಕದಲ್ಲಿ ಮತ್ತೊಬ್ಬರಿರಲಾರರು.

ಕುಂಬಾ ಅಜ್ಜಿ ಗುಡಿಸಲ ಮುಂದೆ ಕೂತು ಜೊಂಡಿನ ಬುಟ್ಟಿ ಹೆಣೆಯುತ್ತಿದ್ದಳು. ಪಕ್ಕದಲ್ಲಿ ಒಲೆ, ಒಲೆಯ ಮೇಲೆ ಮುಚ್ಚಿದ ಗಡಿಗೆ.

"ಕಳ್ಳ ಮುದುಕಿ!" ಮಸೆರೆ ಏದುಸಿರಿನಲ್ಲೇ ಕೂಗಿದಳು. "ಸಿಕ್ಕಿಬಿದ್ದೆ ನೀನು! ನೋಡಿಲ್ಲಿ, ನಿನ್ನ ಮೂರು ಬೆರಳು! ಸತ್ತವಳು ಬಂದ್ಲು ಅಂತ ನನ್ನ ಜೀವ ಹಿಂಡಿದ್ಯಲ್ಲೇ, ಕಳ್ಳೀ! ನೀನು ಕಳ್ಳಿ ಆಗಿದ್ದು ನನ್ನ ಪುಣ್ಯ. ಬಯ್ಯಲ್ಲ ಅಜ್ಜಿ, ಆಣೆಗೂ ಬಯ್ಯಲ್ಲ. ಇವತ್ತಿಂದ ನಿಂಗೇ ಅಂತ ಬೇರೆ ಇಡ್ತೀನಿ, ಅಲಸಂದೆನೂ ಹಾಕಿ ಇಡ್ತೀನಿ, ಬಂದು ಹೊಟ್ಟೆ ತುಂಬ ಉಣ್ಣು. ಬದುಕಿದಾಳೆ ಅಜ್ಜಿ! ನನ್ನ ಮಗಳು ಬದುಕಿದಾಳೆ!"

ಅಜ್ಜಿಯ ಕೈಯಲ್ಲಿದ್ದ ಜೊಂಡಿನ ಎಳೆ ಕೆಳಗೆ ಬಿತ್ತು. ತಲೆ ಎತ್ತಲಿಲ್ಲ.

"ಹಸಿವಾಗಿತ್ತು ಮಗಾ," ಎಂದಳು.

"ಆಗ್ಲಿ ಬಿಡು, ಹಸಿವು ಯಾರಿಗಾಗಲ್ಲ?" ಮಸೆರೆ ನಗುತ್ತಲೇ ಪಕ್ಕದಲ್ಲಿ ಕೂತು, ಸಲಿಗೆಯಿಂದ ಗಡಿಗೆಯ ಮುಚ್ಚಳ ಎತ್ತಿದಳು. ಗಡಿಗೆಯ ತುಂಬ ಅನ್ನ ಮತ್ತು ಅಲಸಂದೆ. ನಿನ್ನೆಯದು. ಮೇಲೆ ಕೆನೆ ಕಟ್ಟಿತ್ತು. ಒಂದು ಅಗುಳೂ ಕದಲಿರಲಿಲ್ಲ.

ತನ್ನ ಪಾಲಿನಲ್ಲಿ ಅರ್ಧ ಕೇರಿಯ ಮಕ್ಕಳಿಗೆ ಹಂಚಿ, ಉಳಿದದ್ದರಲ್ಲಿ ಹೊಟ್ಟೆ ತುಂಬಿತೆನ್ನುವ ಮುದುಕಿ ಇವಳು. ಇನ್ನೊಬ್ಬರ ಬಟ್ಟಲಿಗೆ ಇವಳು ಕೈ ಹಾಕುವುದೆಂದರೇನು, ಅದೂ ಎರಡೆರಡೇ ತುತ್ತಿಗೆ? ಮಸೆರೆಯ ತುಟಿಯ ಮೇಲೆ ನಗು ಇನ್ನೂ ಇತ್ತು; ಅದನ್ನು ತೆಗೆಯಬೇಕೆಂದು ಅವಳಿಗೆ ನೆನಪಾಗಲಿಲ್ಲ. ಹಗ್ಗದ ಗಂಟು ಬಿಚ್ಚುತ್ತ ತಲೆ ಎತ್ತದ ಕ್ವಾಮಿನೋ ಕಣ್ಣ ಮುಂದೆ ಬಂದ. ಈ ಕಡೆಗೆ ಉರುಳಿದ ಪೀಪಾಯಿ ಬಂತು.

"ಅಜ್ಜಿ. ಕ್ವಾಮಿನೋ ನಿಂಗೆ ಏನು ಹೇಳ್ದ?"

ಅಜ್ಜಿ ಬಿದ್ದ ಎಳೆಯನ್ನು ಹೆಕ್ಕಿ ಬುಟ್ಟಿಯ ಮೇಲಿಟ್ಟಳು.

"ಅವನು ನಿಂಗೇ ಹೇಳೋಕೆ ಹೊರಟಿದ್ದ. ನಾನೇ ಬೇಡ ಅಂದೆ," ಎಂದಳು ಕೊನೆಗೆ. "ದೋಣಿಯವನ ಬಾಯಿಂದ ಬಂದ್ರೆ ಅದು ಬರೀ ಸಾವಿನ ಸುದ್ದಿ. ಮಗಳೇ ಬಂದು, ನೀನಿಟ್ಟ ಅನ್ನ ಉಂಡು ಹೋದ್ಲು ಅಂದ್ರೆ, ಮನೆಗೆ ಬಂದ ಹಾಗಾಯ್ತಲ್ಲ. ಅಷ್ಟಾದ್ರೂ ನಿಂಗಿರ್ಲಿ ಅಂತ. ನಾನು ಸೋರಿ ಬಟ್ಟಲನ್ನ ಅವನು ಬದುಕಿರುವಾಗಲೇ ಒಡೆದೆ ಕಣೇ. ಆಮೇಲೆ ಎಷ್ಟು ವರ್ಷ ಕಾದರೂ ಬರ್ಲಿಲ್ಲ. ಬದುಕಿಯೂ ಬರ್ಲಿಲ್ಲ, ಸತ್ತೂ ಬರ್ಲಿಲ್ಲ. ದಾರಿ ಮುಚ್ಚಿದವಳು ನಾನೇ, ಯಾರನ್ನ ಕೇಳ್ಲಿ?"

"ಹೇಗೆ ಸತ್ಲು?"

"ನೀರಲ್ಲಿ. ದ್ವೀಪದಿಂದ ಹೊರಟುಬಿಟ್ಟಿದ್ಲಂತೆ, ಒಬ್ಬಳೇ, ನಡ್ಕೊಂಡು. ಇಳಿತ ನೋಡ್ಕೊಂಡೇ ಜೌಗಿಗೆ ಇಳಿದಿದಾಳೆ. ನಮ್ಮ ಹೊಳೆ ಉಬ್ಬರ ಇಳಿತ ಎಲ್ಲ ಗೊತ್ತಿದ್ದ ಹುಡುಗಿ ತಾನೇ, ತೂಬಿನ ದಂಡೇಲಿ ಬೆಳೆದವಳು. ಅದೇ ಲೆಕ್ಕ ಹಾಕಿದಾಳೆ, ಕೂಸು. ಸಮುದ್ರದ ದಂಡೇಲಿ ಹುಣ್ಣಿಮೆ ಉಬ್ಬರ ಬೇರೇನೇ ಅಂತ ಅವಳಿಗ್ಯಾರು ಹೇಳಿದ್ರು? ಓಡಿ ಬರೋ ಕುದುರೆ ಹಾಗೆ ಬರುತ್ತಂತೆ."

"ಹುಣ್ಣಿಮೆ ದಿನವಾ?"

"ಹುಣ್ಣಿಮೆ ಸಂಜೆ."

"ಯಾವ ಕಡೆಗೆ ಮುಖ ಮಾಡಿ ಹೊರಟಿದ್ಲು?"

"ಇನ್ಯಾವ ಕಡೆಗೆ ಮಗಾ. ಈ ಕಡೆಗೇ."

ಮಸೆರೆ ಬಟ್ಟಲನ್ನು ನೋಡುತ್ತ ಕೂತಳು. ಗಾಳಿಗೆ ಜೊಂಡಿನ ಎಳೆಗಳು ನೆಲದ ಮೇಲೆ ಕದಲಿದವು.

"ನೀನು ಎಷ್ಟು ಸಲ ಉಂಡೆ ಅಜ್ಜಿ?"

"ಎರಡು ಸಲ. ಕ್ವಾಮಿನೋ ಬಂದ ಮಾರನೆ ದಿನ, ಮತ್ತೆ ನಿನ್ನೆ. ಮೊರ ಹೇಗಿತ್ತೋ ಹಾಗೇ ಮುಚ್ಚಿದೆ. ಹೆಚ್ಚು ಹೊತ್ತು ನಿಲ್ಲೋಕೆ ಭಯ ಆಯ್ತು."

"ಅದಕ್ಕೆ ಮೊದ್ಲು?"

"ಅದಕ್ಕೆ ಮೊದ್ಲು ನಾನ್ಯಾಕೆ ಬರ್ಲಿ? ನಂಗೇ ಗೊತ್ತಿರ್ಲಿಲ್ವಲ್ಲ."

ಗೋಡೆಗೆ ಒರಗಿಸಿಟ್ಟ ಮೊರ. ನೀರಲ್ಲಿ ಅದ್ದಿ ತೆಗೆದಂತಿದ್ದ ಮೊರ. ನುಣ್ಣಗಿನ ಅನ್ನದ ನಡುವೆ, ಐದೂ ಬೆರಳು ಅಂಗೈಸಮೇತ ಇಳಿಸಿ ಗೋರಿದ, ಅಷ್ಟು ದೊಡ್ಡ ಗುಳಿ. ಮಗಳು ರಾತ್ರಿಯೆಲ್ಲ ನಡೆದು ಬಂದು, ಹಸಿದು, ಗಬಗಬನೆ ಉಂಡು ಹೋದಳು. ಅವಳು ಉಂಡುಳಿಸಿದ ಅನ್ನವನ್ನು ತಾಯಿ ಕಣ್ಣೆತ್ತಿಯೂ ನೋಡದೆ ಕೋಳಿಗಳಿಗೆ ಚೆಲ್ಲಿದಳು.

ಮಸೆರೆ ಅದನ್ನು ಅಜ್ಜಿಗೆ ಹೇಳಲಿಲ್ಲ. ಆಗ ಅಳು ಬಂತು. ಫಿಬಾಳೂ, ಬೇರೆ ಗುಡಿಸಲುಗಳ ಹೆಂಗಸರೂ ಒಬ್ಬೊಬ್ಬರಾಗಿ ಬಂದು ಸುತ್ತ ಕೂತರು. ಯಾರೂ ಸಮಾಧಾನ ಹೇಳಲು ಹೋಗಲಿಲ್ಲ, ಫಿಬಾ ಕೂಡ.

ಹೊತ್ತು ಇಳಿಯುವ ಮೊದಲು ಎಲ್ಲರೂ ಹೊಳೆಯ ದಂಡೆಯ ಓಕ್ ಮರಗಳ ಕೆಳಗೆ ಹೋದರು. ಅಲ್ಲಿ ಕೇರಿಯ ಗೋರಿಗಳು. ಗೋರಿಗಳ ಮೇಲೆ ತಳ ಒಡೆದ ಗಡಿಗೆ, ಹಿಡಿ ಮುರಿದ ಹೂಜಿ, ಚಿಪ್ಪು, ಸೌಟು. ಮಣ್ಣು ಕೊಡಲು ತೆನ್ನೆಯ ದೇಹವಿರಲಿಲ್ಲ. ಕ್ವಾಮಿನೋ ಹಾರೆಯಲ್ಲಿ ಚಿಕ್ಕ ದಿಬ್ಬ ಮಾಡಿದ. ಮಸೆರೆ ಮನೆಯಿಂದ ಬಿಸಿ ಅನ್ನ ತಂದು ಬಟ್ಟಲಿಗೆ ಹಾಕಿ, ಸೌಟಿನ ಬೆನ್ನಿನಿಂದ ಸವರಲು ಹೋದವಳು ಕೈ ತಡೆದು, ಸವರದೆ ಹಾಗೇ ಬಿಟ್ಟಳು. ಮುರಿದ ಒನಕೆಯ ತುಂಡನ್ನು ಕೈಗೆತ್ತಿಕೊಂಡಳು. ಎತ್ತಿದ ಕೈ ಗಾಳಿಯಲ್ಲೇ ನಿಂತಿತು.

"ಅಜ್ಜಿ."

"ಏನು ಮಗಾ?"

"ನೀನು ಉಂಡ್ಯಲ್ಲ. ಉಪ್ಪು ಹೇಗಿತ್ತು?"

ಕುಂಬಾ ಅಜ್ಜಿ ಮೂರು ಬೆರಳಿನ ಕೈಯಲ್ಲಿ ಕಣ್ಣೊರೆಸಿಕೊಂಡಳು. "ಒಂಚೂರು ಜಾಸ್ತಿನೇ ಇತ್ತು."

"ಹ್ಞೂಂ," ಎಂದಳು ಮಸೆರೆ. "ಅವಳಿಗೆ ಹಾಗೇ ಬೇಕು."

ಮಡಿಲಲ್ಲಿ ಗಂಟು ಹಾಕಿ ತಂದಿದ್ದ ವಾರದ ಉಪ್ಪನ್ನೆಲ್ಲ ಅನ್ನದ ಮೇಲೆ ಸುರಿದಳು. ಆಮೇಲೆ ಒಂದೇ ಏಟಿಗೆ ಬಟ್ಟಲ ತಳ ಒಡೆದಳು.